ದನದ ಡಾಕ್ಟರಿಗೆ ಹುಷಾರಿಲ್ಲ

ಹಿಂಡಿ, ಬೂಸಾ, ಹಗ್ಗ, ಮೂಗುದಾರ ಮಾರುವವನು ಪಶು ಆಸ್ಪತ್ರೆಯ ಎದುರಿಗೆ ಅಂಗಡಿ ಇಟ್ಟರೆ ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ದನ ಹೊಡೆದುಕೊಂಡು ಬಾಗಿಲಿಗೆ ಬರುತ್ತವೆ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಒಂದು ಊರಲ್ಲಿ ಮೂವತ್ತು ವರ್ಷದಿಂದ ನನ್ನ ಅಂಗಡಿ. ಈಗ ಹೇಳುವುದೆಲ್ಲ ಮೊನ್ನೆ ಒಂದೆರಡು ತಿಂಗಳಲ್ಲಿ ನಡೆದದ್ದು, ಎದುರಿನ ಆಸ್ಪತ್ರೆಯ ಡಾಕ್ಟರಿಗೆ ಸಂಬಂಧಪಟ್ಟದ್ದು.

೧. ಬೈದಿದ್ದರೆ ಚೆನ್ನಾಗಿತ್ತು

ಡಾಕ್ಟರು ದಿನಾ ಹನ್ನೊಂದು ಗಂಟೆಗೆ ನನ್ನ ಅಂಗಡಿಯ ಬೆಂಚಿಗೆ ಟೀ ಕುಡಿಯಲು ಬರುತ್ತಾರೆ. ಐದು ವರ್ಷದಿಂದ ಇಲ್ಲಿದ್ದಾರೆ. ಪಕ್ಕದ ಎರಡು ಊರಿನ ಆಸ್ಪತ್ರೆಗಳಲ್ಲಿ ಡಾಕ್ಟರಿಲ್ಲ, ಆದ್ದರಿಂದ ಆ ಊರಿನ ದನಗಳೂ ಇವರ ತಲೆಗೇ. ಮೊದಲು ತಮಾಷೆಯ ಮನುಷ್ಯ. ಇತ್ತೀಚೆಗೆ ಬರುತ್ತಿದ್ದರು, ಟೀ ಲೋಟ ಹಿಡಿದುಕೊಳ್ಳುತ್ತಿದ್ದರು, ತಣ್ಣಗಾದ ಮೇಲೆ ಇಟ್ಟು ಹೋಗುತ್ತಿದ್ದರು.

ಒಂದು ದಿನ ಅವರೇ ಬಾಯಿಬಿಟ್ಟರು. ಹನೂರು ಕಡೆಯ ಒಬ್ಬ ಹೆಂಗಸಿನ ಹಸು ಕರು ಹಾಕುವಾಗ ಇವರ ಕೈಯಲ್ಲೇ ಹೋಯಿತಂತೆ. ಆಯಮ್ಮನಿಗೆ ಇದ್ದದ್ದು ಅದೊಂದೇ ಹಸು.

"ಬೈದಳಾ?" ಅಂದೆ.

"ಬೈದಿದ್ದರೆ ಚೆನ್ನಾಗಿತ್ತು ಸಾವ್ಕಾರ್ರೇ. ಕೈ ತೊಳೆಯೋಕೆ ಬಿಸಿನೀರು ಕೊಟ್ಟಳು. ಆಮೇಲೆ ಟೀ ಕೊಟ್ಟಳು. ಅವತ್ತಿಂದ ನನಗೆ ಊಟ ಸೇರ್ತಿಲ್ಲ. ಈ ಕೆಲಸ ಬಿಟ್ಟುಬಿಡ್ತೀನಿ."

ಅವರು ಬಿಟ್ಟರೆ ಮೂರು ಊರಿಗೆ ಡಾಕ್ಟರಿಲ್ಲ, ನನಗೆ ಅರ್ಧ ವ್ಯಾಪಾರವಿಲ್ಲ. ಇಂಥ ಹೊತ್ತಲ್ಲಿ ಸಮಾಧಾನದ ಮಾತು ಆಡಬೇಕು ಅಂತ ಗೊತ್ತು, ಯಾವ ಮಾತು ಅಂತ ಗೊತ್ತಿಲ್ಲ. ಗಾಬರಿಯಲ್ಲಿ ನಾನೂ ಅವರಿಗೆ ಒಂದು ಟೀ ಕೊಟ್ಟೆ.

೨. ಚೀಟಿ ಯಾರದು

ಮೈಸೂರಿಂದ ವಾರಕ್ಕೊಂದು ಸಲ ಕೊಳ್ಳೇಗಾಲಕ್ಕೆ ಬರುವ ಮನಸ್ಸಿನ ಡಾಕ್ಟರು ಒಬ್ಬರಿದ್ದಾರೆ. "ನಡೀರಿ, ನಾನೂ ಬರ್ತೀನಿ" ಅಂತ ನಮ್ಮ ಡಾಕ್ಟರನ್ನು ಕರೆದುಕೊಂಡು ಹೋದೆ. ಹೊರಗೆ ಟೋಕನ್ ಕೊಡುವವನು ಇವರನ್ನು ನೋಡಿದವನೇ ಎದ್ದು ನಿಂತ. "ಸಾ, ಚೆನ್ನಾಗಿದ್ದೀರಾ? ನಮ್ಮೆಮ್ಮೆ ಮತ್ತೆ ಹಾಲು ಕಮ್ಮಿ ಮಾಡದೆ." ಎಮ್ಮೆಯ ವಿಚಾರ ಮುಗಿಯುವ ಹೊತ್ತಿಗೆ ಎರಡು ಟೋಕನ್ ಮುಂದೆ ಹೋಗಿತ್ತು.

ಆಮೇಲೆ ಒಳಗೆ ಹೋದರು. ನಾನು ಹೊರಗೆ ಕಾದೆ. ಇಪ್ಪತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು. ಪರವಾಗಿಲ್ಲ, ಮನುಷ್ಯ ಮನಸ್ಸು ಬಿಚ್ಚಿ ಮಾತಾಡುತ್ತಿದ್ದಾರೆ ಅಂದುಕೊಂಡೆ.

ಬಂದ ಮೇಲೆ ಕೇಳಿದೆ, "ಏನಂದ್ರು?"

"ಭಾನುವಾರ ಫೋನ್ ಆಫ್ ಮಾಡಿ ಮನೇಲಿರಿ ಅಂದ್ರು."

"ಅಷ್ಟಕ್ಕೆ ಅರ್ಧ ಗಂಟೆಯಾ?"

"ಅಲ್ಲ, ಏನು ಕೆಲಸ ಅಂತ ಕೇಳಿದ್ರು. ಹೇಳಿದೆ. ಅವರ ಮನೆ ನಾಯಿ ಮೂರು ದಿನದಿಂದ ಅನ್ನ ಮುಟ್ಟಿಲ್ಲವಂತೆ. ಪಾಪ, ತುಂಬ ನೊಂದುಕೊಂಡಿದ್ರು. ಸಮಾಧಾನ ಹೇಳಿ ಬಂದೆ."

"ಔಷಧಿ ಏನಾದ್ರೂ ಬರೆದ್ರಾ?"

"ಬರೆದದ್ದು ನಾನು" ಅಂದರು.

೩. ಆಫ್ ಆದ ಫೋನು

ಹೇಳಿದ ಹಾಗೆ ಆ ಭಾನುವಾರ ಬೆಳಿಗ್ಗೆ ಡಾಕ್ಟರು ಫೋನ್ ಆಫ್ ಮಾಡಿದರು. ಐದು ವರ್ಷದಲ್ಲಿ ಆ ಫೋನ್ ಆಫ್ ಆದದ್ದು ಅದೇ ಮೊದಲು.

ಎಂಟು ಗಂಟೆಗೆ ಒಬ್ಬ ನನ್ನ ಅಂಗಡಿಗೆ ಬಂದು, "ಡಾಕ್ಟ್ರು ಫೋನ್ ಓಯ್ತಾ ಇಲ್ವಲ್ಲ ಸಾವ್ಕಾರ್ರೆ, ಏನಾದ್ರೂ ಎಚ್ಚುಕಮ್ಮಿ ಆಯ್ತಾ?" ಅಂದ. ಇಲ್ಲ, ವಿಶ್ರಾಂತಿ ತಗೊಳ್ತಿದ್ದಾರೆ ಅಂದೆ. ಹಾಗೆ ಅನ್ನಬಾರದಿತ್ತು. ವಿಶ್ರಾಂತಿ ಅಂದರೆ ಹಾಸಿಗೆ ಹಿಡಿದಿದ್ದಾರೆ ಅಂತಲೇ ಈ ಕಡೆಯವರ ಲೆಕ್ಕ; ಕಾಯಿಲೆ ಇಲ್ಲದೆ ಹಗಲುಹೊತ್ತು ಮಲಗುವವರನ್ನು ಅವರು ನೋಡಿಲ್ಲ.

ಹತ್ತು ಗಂಟೆಗೆ ಡಾಕ್ಟರ ಮನೆಯ ಮುಂದೆ ಹದಿನಾಲ್ಕು ಜನ. ಒಬ್ಬರ ಕೈಯಲ್ಲಿ ಎಳನೀರು, ಒಬ್ಬರ ಕೈಯಲ್ಲಿ ಬಾಳೆಹಣ್ಣು, ಯಳಂದೂರು ಕಡೆಯಿಂದ ಬಸ್ಸಲ್ಲಿ ಬಂದ ಒಬ್ಬಾಕೆಯ ಕೈಯಲ್ಲಿ ಜೀವಂತ ಕೋಳಿ. ಡಾಕ್ಟರು ಬಾಗಿಲಿಗೆ ಬಂದು, "ನಾನು ಚೆನ್ನಾಗೇ ಇದ್ದೀನಿ" ಅಂದರು. ಎಲ್ಲರಿಗೂ ಸಮಾಧಾನವಾಯಿತು.

ಹಿಂದೆ ನಿಂತಿದ್ದವನೊಬ್ಬ ಮುಂದೆ ಬಂದ. "ಚೆಂದಾಗಿದ್ರೆ ಸರಿ ಬುಡಿ ಸಾ. ನಿಮ್ಮ ನೋಡಾಕೇ ಬಂದಿದ್ದು. ಎಂಗೂ ಬತ್ತಾ ಇವ್ನಲ್ಲ ಅಂದ್ಬುಟ್ಟು ಎರಡು ಮೇಕೇನೂ ತಕಂಡು ಬಂದೆ."

೪. ಕಣ್ಣು ಮುಚ್ಚಿದವರು

ಹೀಗೆ ಸೊರಗಿದವರು ನಮ್ಮ ಡಾಕ್ಟರೊಬ್ಬರೇ ಅಲ್ಲ ಅಂತ ಕಾಣುತ್ತದೆ. ಮೂರು ತಾಲ್ಲೂಕಿನ ಪಶುವೈದ್ಯರಿಗೆ ಮನಸ್ಸಿನ ಆರೋಗ್ಯದ ಬಗ್ಗೆ ಯಳಂದೂರಿನ ಒಂದು ಸಭಾಂಗಣದಲ್ಲಿ ಒಂದು ದಿನದ ತರಬೇತಿ ಇಟ್ಟಿದ್ದರು. ನನಗೂ ಅಲ್ಲಿ ಹಗ್ಗದ ವ್ಯಾಪಾರವಿತ್ತು, ಡಾಕ್ಟರ ಬೈಕಲ್ಲೇ ಹೋಗಿ ಹಿಂದಿನ ಕುರ್ಚಿಯಲ್ಲಿ ಕೂತೆ.

ಹೇಳಿಕೊಡಲು ಬಂದಿದ್ದ ಮೇಡಂ ಮೆಲುದನಿಯಲ್ಲಿ, "ಎಲ್ಲರೂ ಕಣ್ಣು ಮುಚ್ಚಿ. ಉಸಿರಿನ ಮೇಲೆ ಗಮನ ಇಡಿ. ಹೊರಗಿನ ಶಬ್ದ ಬಂದರೆ ಬರಲಿ, ಹೋದರೆ ಹೋಗಲಿ" ಅಂದರು. ಹನ್ನೆರಡು ಜನ ಡಾಕ್ಟರುಗಳು ಕಣ್ಣು ಮುಚ್ಚಿದರು.

ಹೊರಗೆ ಇಲಾಖೆಯ ಎರಡು ಜೀಪು ನಿಂತಿದ್ದವು. ಇಲಾಖೆಯ ಜೀಪು ಎರಡು ಒಟ್ಟಿಗೆ ನಿಂತರೆ ಅಲ್ಲಿ ದನಕ್ಕೆ ಸೂಜಿ ಹಾಕುತ್ತಾರೆ ಅಂತ ಈ ಕಡೆ ಹಸುಗೂಸಿಗೂ ಗೊತ್ತು. ಹತ್ತೇ ನಿಮಿಷದಲ್ಲಿ ಕಿಟಕಿಯ ಕೆಳಗೆ ಒಂದು ಹಸು ಕೂಗಿತು.

ಮುಂದಿನ ಸಾಲಿನ ಡಾಕ್ಟರು ಕಣ್ಣು ಮುಚ್ಚಿಕೊಂಡೇ, "ಬೆದೆಗೆ ಬಂದಿದೆ" ಅಂದರು.

ಹಿಂದಿನ ಸಾಲಿನವರು ಕಣ್ಣು ಮುಚ್ಚಿಕೊಂಡೇ, "ಅಲ್ಲ ಸಾರ್. ಕರು ಬಿಟ್ಟು ಬಂದಿರೋ ಕೂಗು" ಅಂದರು.

"ಗಮನ ಉಸಿರಿನ ಮೇಲೆ" ಅಂದರು ಮೇಡಂ.

"ಉಸಿರೂ ಸರಿಯಿಲ್ಲ ಮೇಡಂ, ಕೇಳಿ. ಕಫ ಕಟ್ಟಿದೆ" ಅಂದರು ಮೂರನೆಯವರು. ಅಲ್ಲಿಗೆ ಎಲ್ಲರೂ ಕಣ್ಣು ಬಿಟ್ಟು ಕಿಟಕಿಗೆ ಹೋದರು. ಹೊರಗೆ ಮೂವತ್ತು ದನ ಸಾಲಾಗಿ ನಿಂತಿದ್ದವು.

ತರಬೇತಿ ಅಂಗಳದಲ್ಲೇ ಮುಗಿಯಿತು. ಕೈ ಸಾಲದೆ ಒಂದು ಕಡಸಿನ ಹಗ್ಗವನ್ನು ಮೇಡಂ ಕೈಗೆ ಕೊಟ್ಟಿದ್ದರು. ಸಂಜೆ ಹೊರಡುವಾಗ ಅವರು ಹೇಳಿದರು, "ಅದರ ಕತ್ತು ಸವರ್ತಾ ನಿಂತಿದ್ದೆ. ಎಷ್ಟೋ ದಿನದಿಂದ ಮನಸ್ಸಿಗೆ ಇಷ್ಟು ನೆಮ್ಮದಿ ಇರಲಿಲ್ಲ."

ಆ ದಿನ ತರಬೇತಿಯಿಂದ ಗುಣ ಕಂಡವರು ಅವರೊಬ್ಬರೇ.

೫. ಮುಳ್ಳೂರಿನ ತಾತ

ಬೈಕಲ್ಲಿ ವಾಪಸು ಬರುವಾಗ ನಮ್ಮ ಡಾಕ್ಟರು, "ಸೋಮವಾರ ರಾಜೀನಾಮೆ ಕಳಿಸ್ತೀನಿ ಸಾವ್ಕಾರ್ರೇ" ಅಂದರು. ರಜೆ ಹಾಕಿ ಅಂದೆ. "ನಾನು ರಜೆ ಹಾಕಿದ್ರೆ ದನ ಯಾರು ನೋಡ್ತಾರೆ?" ಅಂದರು. ಕೆಲಸ ಬಿಟ್ಟರೆ ಯಾರು ನೋಡುತ್ತಾರೆ ಅಂತ ಕೇಳೋಣ ಅಂದುಕೊಂಡೆ. ಬೈಕು ಅವರ ಕೈಯಲ್ಲಿತ್ತು, ಹಿಂದಿನ ಕಂಬಿ ಗಟ್ಟಿಯಾಗಿ ಹಿಡಿದುಕೊಂಡೆ.

ಸೋಮವಾರ ಬಂತು. ಮಧ್ಯಾಹ್ನ ಡಾಕ್ಟರ ಹೆಂಡತಿ ಆಸ್ಪತ್ರೆಗೇ ಊಟ ತಂದರು. ನಾನೂ ಅಲ್ಲೇ ಇದ್ದೆ. ಡಾಕ್ಟರು ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದರು. ಇದನ್ನು ಮುಳ್ಳೂರಿನ ತಾತನೊಬ್ಬ ನೋಡುತ್ತಿದ್ದ. ಅವನ ಎತ್ತಿಗೆ ನೊಗ ಉಜ್ಜಿ ಹೆಗಲು ಹುಣ್ಣಾಗಿತ್ತು, ಡಾಕ್ಟರೇ ವಾಸಿ ಮಾಡಿದ್ದರು, ತೋರಿಸಲು ತಂದಿದ್ದ.

ತಾತ ಡಾಕ್ಟರ ಹೆಂಡತಿಯ ಕಡೆ ತಿರುಗಿದ. "ಎಷ್ಟು ದಿನ ಆಯ್ತವ್ವ, ಮೇವು ಬುಟ್ಟು?"

ಆಯಮ್ಮ ಕಕ್ಕಾಬಿಕ್ಕಿಯಾಗಿ, "ಒಂದೂವರೆ ತಿಂಗಳಾಯ್ತು" ಅಂದರು.

"ನೀರು?"

"ಕುಡೀತಾರೆ."

"ಮನೀಕತ್ತಾರಾ?"

"ಮಲಗ್ತಾರೆ, ನಿದ್ದೆ ಇಲ್ಲ. ಮಗ್ಗುಲು ಬದಲಾಯಿಸ್ತಾನೇ ಇರ್ತಾರೆ."

"ಸಗಣಿ ಎಂಗದೆ?"

ಡಾಕ್ಟರು ತಲೆಯೆತ್ತಿದರು. "ತಾತ, ನಾನು ಇಲ್ಲೇ ಇದ್ದೀನಿ. ನನ್ನನ್ನೇ ಕೇಳು."

"ನೀವು ಸುಮ್ಕಿರಿ ಸಾ. ನೀವು ಯಾವತ್ತಾದ್ರೂ ನಮ್ಮೆತ್ತ ಕೇಳಿದ್ದೀರಾ? ನಮ್ಮನ್ನೇ ತಾನೆ ಕೇಳದು? ಎದ್ದು ನಡೀರಿ ನೋಡವ."

ಆ ಮನುಷ್ಯ ಯಾಕೆ ಎದ್ದರೋ ಗೊತ್ತಿಲ್ಲ. ಎದ್ದರು, ಆಸ್ಪತ್ರೆ ಅಂಗಳದ ಬೇವಿನ ಮರದ ತನಕ ನಡೆದು ವಾಪಸು ಬಂದರು. ತಾತ ಹಿಂದಿನಿಂದ ಬಗ್ಗಿ ನೋಡಿದ.

"ತಲೆ ಇಳೇಬುಟ್ಟವ್ರೆ. ಎಗಲು ಬಿದ್ದೋಗದೆ. ಕೇಳವ್ವ, ನಮ್ಮೆತ್ತಿಗೂ ಇಂಗೇ ಆಗಿತ್ತು. ಮಾರ್ಬುಡವ ಅಂತಿದ್ದೆ. ಮಾರ್ಬೇಡ, ಅದಿನೈದು ದಿನ ನೊಗಕ್ಕೆ ಕಟ್ಬೇಡ, ಸರಿಯಾಯ್ತದೆ ಅಂತ ಇವ್ರೇ ಏಳುದ್ರು. ಆಯ್ತು. ಇವ್ರನ್ನೂ ಅದಿನೈದು ದಿನ ಕಟ್ಬೇಡಿ."

ಡಾಕ್ಟರ ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದರು. ಡಾಕ್ಟರು ಮೊದಲು ಮೆಲ್ಲಗೆ ನಕ್ಕರು, ಆಮೇಲೆ ಮೇಜು ಹಿಡಿದುಕೊಂಡು ನಕ್ಕರು, ಕೊನೆಗೆ ಕಣ್ಣು ಒರೆಸಿಕೊಂಡು ಡಬ್ಬಿ ತೆಗೆದು ಮುದ್ದೆ ಮುರಿದರು. ಆ ದಿನ ಅವರು ಕಳಿಸಿದ್ದು ಹದಿನೈದು ದಿನದ ರಜೆ ಅರ್ಜಿ. ಮೇಲಿನವರು ಕೊಳ್ಳೇಗಾಲದಿಂದ ಇನ್ನೊಬ್ಬರನ್ನು ಕಳಿಸಿದರು. ಒಂದು ದನವೂ ಸಾಯಲಿಲ್ಲ.

ಹದಿನಾರನೆಯ ದಿನ ಡಾಕ್ಟರು ಬಂದರು. ಮುಖದಲ್ಲಿ ಕಳೆ ಬಂದಿತ್ತು. ಬೆಳಗಿನ ಮೊದಲ ಬಸ್ಸಿಗೇ ತಾತನೂ ಬಂದಿದ್ದ, ಎತ್ತಿಲ್ಲದೆ. ಅವರನ್ನು ಬೇವಿನ ಮರದ ತನಕ ನಡೆಸಿ ನೋಡಿ, "ವಾಸಿಯಾಗದೆ. ಆದ್ರೂ ಮೊದಲ್ನೆ ದಿನ ಅರ್ಧ ದಿನ ಕಟ್ಟುದ್ರೆ ಸಾಕು" ಅಂದು ಬಾಗಿಲ ಪಕ್ಕದಲ್ಲೇ ಕೂತ.

ಮಧ್ಯಾಹ್ನ ಒಂದು ಗಂಟೆ ಹೊಡೆದಾಗ ಕುರಿ ಹಿಡಿದುಕೊಂಡು ಒಬ್ಬ ಬಂದ. ಕುರಿಗೆ ಅಂಥದ್ದೇನೂ ಆಗಿರಲಿಲ್ಲ, ಜಂತಿನ ಔಷಧಿ ಕುಡಿಸಬೇಕಿತ್ತು ಅಷ್ಟೆ. ಡಾಕ್ಟರು ಎದ್ದು ಬರುವಷ್ಟರಲ್ಲಿ ತಾತ ಬಾಗಿಲಿಗೆ ಕೋಲು ಅಡ್ಡ ಇಟ್ಟ.

"ಎತ್ತ ಬಿಚ್ಚಾಯ್ತು ಕಣ್ಲಾ, ನಾಳೆ ಬಾ."