ಸಕ್ಕರೆ ಬಿಟ್ಟ ಯಜಮಾನರು

ಕಾಫಿಗೆ ಏನು ಹಾಕಬೇಕು ಅನ್ನೋ ವಿಷಯಕ್ಕೆ ಮೊನ್ನೆ ಮೊನ್ನೆ ತನಕ ನಮ್ಮ ಮನೆಯಲ್ಲಿ ವಾರಕ್ಕೊಂದು ರಾದ್ಧಾಂತ ಆಗಲಿಲ್ಲ ಅಂದ್ರೆ, ಆ ವಾರ ನಮ್ಮ ಯಜಮಾನರು ಊರಲ್ಲಿರಲಿಲ್ಲ ಅಂತ ಅರ್ಥ. ಅವರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು. ನಾನು ಬೆಂಗಳೂರಿನ ಇಟ್ಟಮಡುವಿನ ಮನೆಯಲ್ಲೇ ಬ್ಲೌಸ್ ಹೊಲೀತೀನಿ. ಎರಡು ವರ್ಷದ ಹಿಂದೆ ಡಾಕ್ಟರು ಇವರಿಗೆ ಶುಗರ್ ಬಂದಿದೆ ಅಂತ ಹೇಳಿ, ಕಾಫಿಗೆ ಸಕ್ಕರೆ ನಿಲ್ಲಿಸಿ ಅಂದ್ರು. ಇವರಣ್ಣನಿಗೆ ಇದೇ ಕಾಯಿಲೆಯಲ್ಲಿ ಕಾಲಿನ ಹೆಬ್ಬೆರಳು ತೆಗೆದಿದ್ದಾರೆ. ಆಸ್ಪತ್ರೆಯಲ್ಲಿ ಆ ಬ್ಯಾಂಡೇಜ್ ನೋಡಿ ಅತ್ತು ಬಂದ ಮನುಷ್ಯ, ಮನೆಗೆ ಬಂದು ಮೊದಲು ಕೇಳಿದ್ದು ಕಾಫಿ, ಅದೂ ಎರಡು ಚಮಚ ಸಕ್ಕರೆ ಹಾಕಿ. ನನಗೆ ಸಿಟ್ಟು ಬರದೆ ಇನ್ನೇನು ಬರಬೇಕು?

ನಾಲ್ಕು ಮಾತ್ರೆ

ಡಾಕ್ಟರೇ ಒಂದು ದಾರಿ ತೋರಿಸಿದ್ರು. ಸಕ್ಕರೆ ಬದಲು ಹಾಕಿಕೊಳ್ಳೋ ಸಿಹಿ ಮಾತ್ರೆ. ಪುಟ್ಟ ಡಬ್ಬಿ, ಮೇಲೆ ಒತ್ತಿದರೆ ಕೆಳಗೆ ಒಂದು ಮಾತ್ರೆ ಬೀಳುತ್ತೆ. ಕಾಫಿಗೆ ಹಾಕಿ ಕುಡಿದವರು, "ತಗಡು ನೆಕ್ಕಿದ ಹಾಗಿದೆ" ಅಂತ ಮುಖ ಸಿಂಡರಿಸಿದ್ರು. ಸರಿ, ಬೇಸಿಗೆ ಅಲ್ವಾ, ತಣ್ಣಗೆ ನಿಂಬೆಹಣ್ಣಿನ ಜ್ಯೂಸ್ ಮಾಡಿಕೊಟ್ಟೆ.

ಒಂದು ಮಾತ್ರೆ ಹಾಕಿಕೊಂಡು ಒಂದು ಗುಟುಕು ಕುಡಿದ್ರು. "ಹುಳಿ" ಅಂದ್ರು. ಇನ್ನೊಂದು ಹಾಕಿದ್ರು. "ಈಗ್ಲೂ ಹುಳಿ." ಮೂರನೇದು, ನಾಲ್ಕನೇದು. ಮಾತ್ರೆಗಳು ತಣ್ಣೀರಲ್ಲಿ ಕರಗದೆ ಲೋಟದ ತಳದಲ್ಲಿ ಕೂತಿದ್ದವು. ಕೊನೆಗೆ "ಕಂಪನಿಯವರು ಮೋಸ ಮಾಡಿದ್ದಾರೆ" ಅಂತ ಬೈದು, ಉಳಿದಿದ್ದನ್ನ ಒಂದೇ ಸಲಕ್ಕೆ ಎತ್ತಿಬಿಟ್ರು. ನಾಲ್ಕೂ ಒಟ್ಟಿಗೆ ನಾಲಿಗೆ ಮೇಲೆ ಬಂದವು. ಅರ್ಧ ಗಂಟೆ ಬಾಯಿ ಮುಚ್ಚಲಾರದೆ ಕೂತಿದ್ರು. ಬ್ಲೌಸ್ ತಗೊಂಡು ಹೋಗೋಕೆ ಬಂದ ಪಕ್ಕದ ಮನೆಯಾಕೆ, "ಅಂಕಲ್ ಹಲ್ಲು ಕೀಳಿಸಿದ್ರಾ?" ಅಂತ ಕೇಳಿದಳು.

ಬಾಯಿ ಸರಿಹೋದ ಮೇಲೆ ಬೈಗುಳ ನನಗೆ. "ನಿನಗೆ ಜ್ಯೂಸ್ ಮಾಡೋಕೇ ಬರಲ್ಲ" ಅಂದ್ರು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಹೇಳಿದವರಿಗೆ ನಾಲ್ಕರ ತನಕ ಎಣಿಸೋಕೆ ಬರುತ್ತೆ, ಚಮಚ ಹಿಡಿದು ಕಲಕೋಕೆ ಬರಲ್ಲ.

ಒಡೆದ ಹಾಲು

ವಾಕಿಂಗ್ ಸ್ನೇಹಿತರೊಬ್ಬರು ಪಾರ್ಕಿನಲ್ಲಿ ಇವರ ತಲೆಗೆ ಹುಳ ಬಿಟ್ರು. ಬೆಲ್ಲ ನ್ಯಾಚುರಲ್ಲು, ಎಷ್ಟು ತಿಂದ್ರೂ ಶುಗರ್ ಏರಲ್ಲ ಅಂತ. ಆವತ್ತೇ ಬನಶಂಕರಿಗೆ ಹೋಗಿ ಎರಡು ಕೆಜಿ ಕಪ್ಪು ಬೆಲ್ಲ ಹೊತ್ತು ತಂದ್ರು. "ಬೆಲ್ಲಾನೂ ಸಕ್ಕರೆ ತಮ್ಮನೇ ರೀ" ಅಂದೆ. "ನಿನಗೆ ಸೈನ್ಸ್ ಗೊತ್ತಿಲ್ಲ" ಅಂದು, ತಾವೇ ಒಲೆ ಮುಂದೆ ನಿಂತು ಕುದಿಯೋ ಹಾಲಿಗೆ ಬೆಲ್ಲ ಹಾಕಿದ್ರು.

ಹಾಲು ಒಡೀತು. "ಬೆಲ್ಲ ಕೊನೇಲಿ ಹಾಕ್ಬೇಕು, ಒಲೆಯಿಂದ ಇಳಿಸಿದ ಮೇಲೆ" ಅಂದೆ. ಕೇಳಲಿಲ್ಲ. ಮಾರನೆಯ ದಿನವೂ ಒಡೀತು. ಮೂರನೆಯ ದಿನ ಒಡೆದ ಹಾಲನ್ನ ಪಾತ್ರೆ ಸಮೇತ ಹಿಡಿದುಕೊಂಡು ಬೀದಿ ಕೊನೆಯ ಹಾಲಿನ ಬೂತಿಗೆ ಜಗಳಕ್ಕೆ ಹೋದ್ರು. ಹತ್ತು ನಿಮಿಷಕ್ಕೆ ವಾಪಸ್. ಮುಖದಲ್ಲಿ ಹೊಸ ಕಳೆ.

"ಬೂತಿನವನು ಬುದ್ಧಿವಂತ ಕಣೇ. ಬೆಲ್ಲ ಕೊನೇಲಿ ಹಾಕ್ಬೇಕಂತೆ, ಒಲೆಯಿಂದ ಇಳಿಸಿದ ಮೇಲೆ."

ಅದೇ ಮಾತು ನಾನು ಹೇಳಿದರೆ ಪಿರಿಪಿರಿ, ಬೂತಿನವನು ಹೇಳಿದರೆ ಸೈನ್ಸು.

ಬೋಳು ಗಿಡ

ಮುಂದಿನ ಸಲ ಡಾಕ್ಟರು ಬೆಲ್ಲಕ್ಕೂ ಬೈದ್ರು. ಆಗ ಬಂತು ಸ್ಟೀವಿಯಾ ಗಿಡ. ಎಲೆ ಕಿತ್ತು ಬಾಯಿಗೆ ಹಾಕಿಕೊಂಡರೆ ನಿಜವಾಗ್ಲೂ ಸಿಹಿ. ನನಗೂ ಸ್ವಲ್ಪ ಆಸೆ ಹುಟ್ಟಿತು. ಆದರೆ ಕಾಂಪೌಂಡಿನ ಮೇಲೆ ಕುಂಡ ಇಟ್ಟ ನಮ್ಮ ಯಜಮಾನರು ದಾರಿಯಲ್ಲಿ ಹೋಗೋರನ್ನೆಲ್ಲ ನಿಲ್ಲಿಸಿ, "ತಿಂದು ನೋಡಿ" ಅಂತ ಒಂದೊಂದು ಎಲೆ ಕೊಟ್ರು. ಆಮೇಲೆ ಜನ ತಾವಾಗೇ ಕೀಳೋಕೆ ಶುರು ಮಾಡಿದ್ರು. ಇವರು ರಟ್ಟಿನ ಮೇಲೆ "ಔಷಧಿ ಗಿಡ, ಮುಟ್ಟಬೇಡಿ" ಅಂತ ಬರೆದು ತೂಗುಹಾಕಿದ್ರು. ಔಷಧಿ ಅಂತ ಗೊತ್ತಾದ ಮೇಲೆ ಆಚೆ ಬೀದಿಯವರೂ ಬಂದ್ರು.

ಭಾನುವಾರದ ಹೊತ್ತಿಗೆ ಉಳಿದಿದ್ದು ಎರಡು ಕಡ್ಡಿ. ಎದುರು ಮನೆಯ ಬೋಳು ತಲೆಯ ಅಂಕಲ್ ಬಂದು, "ಮೇಡಂ, ಇದು ಕೂದಲಿಗೆ ಒಳ್ಳೇದಂತೆ, ಹೌದಾ?" ಅಂದ್ರು.

"ಗಿಡದ ತಲೆ ನೋಡಿ ಸಾರ್, ನೀವೇ ತೀರ್ಮಾನ ಮಾಡಿ" ಅಂದೆ.

ಅದಲು ಬದಲು

ಕೊನೆಗೆ ಬೇರೆ ದಾರಿ ಕಾಣದೆ ಮತ್ತೆ ಆ ಸಿಹಿ ಮಾತ್ರೆಗೇ ಬಂದ್ರು. ಈ ಸಲ ಆಶ್ಚರ್ಯ. ಗೊಣಗಾಟ ಇಲ್ಲ, ಮುಖ ಸಿಂಡರಿಸೋದಿಲ್ಲ. ಲೋಟಕ್ಕೆ ಟಕ್ ಟಕ್ ಅಂತ ನಾಲ್ಕೈದು ಹಾಕಿಕೊಂಡು ಚಪ್ಪರಿಸಿ ಕುಡೀತಾರೆ. ಆದರೂ ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಶುಗರ್ ಇಳಿದಿಲ್ಲ. ನಾನು ದೇವರಿಗೆ ಹರಕೆ ಹೊತ್ತೆ.

ಒಂದು ಮಧ್ಯಾಹ್ನ ದಾರ ಮುಗಿದು ಒಳಗೆ ಬಂದರೆ, ಇವರು ಅಡುಗೆಮನೆ ಕಟ್ಟೆ ಮೇಲೆ ಎರಡು ಗುಡ್ಡೆ ಮಾಡಿಕೊಂಡು ನಿಂತಿದ್ದಾರೆ. ಒಂದು ಇವರ ಸಿಹಿ ಮಾತ್ರೆ. ಇನ್ನೊಂದು ನನ್ನ ಮಂಡಿ ನೋವಿಗೆ ಹೋಮಿಯೋಪತಿ ಡಾಕ್ಟರು ಕೊಟ್ಟ, ನಾನು ರುಚಿ ನೋಡದೆ ನೀರಿನ ಜೊತೆ ಗುಳುಂ ಅಂತ ನುಂಗೋ ಮಾತ್ರೆ. ಎರಡೂ ಪುಟ್ಟದು, ಬಿಳಿ, ಚಪ್ಪಟೆ.

"ಏನ್ರೀ ಇದು?"

"ನಿನ್ನ ಮಾತ್ರೆ ಒಂದು ದಿನ ಬಾಯಿಗೆ ಹಾಕ್ಕೊಂಡು ನೋಡ್ದೆ. ಸಕ್ಕರೆ ಥರಾನೇ ಇದೆ. ತಗಡು ವಾಸನೆ ಇಲ್ಲ."

"ಅಂದ್ರೆ ನೀವು ಕಾಫಿಗೆ ಹಾಕ್ಕೊಳ್ತಿರೋದು ನನ್ನ ಮಾತ್ರೆ?"

"ಹೌದು. ಸಕ್ಕರೆ ಅಲ್ಲವಲ್ಲ, ಔಷಧಿ ತಾನೇ."

"ಮತ್ತೆ ನನ್ನ ಬಾಟ್ಲಲ್ಲಿ ಇರೋದು?"

"ನನ್ನದು. ಖಾಲಿ ಆದ್ರೆ ನಿನಗೆ ಗೊತ್ತಾಗುತ್ತಲ್ಲ. ನೀನು ಹೊಸ ಬಾಟ್ಲು ತಂದಾಗಲೆಲ್ಲ ಅದಲು ಬದಲು ಮಾಡ್ತಿದ್ದೆ."

"ಯಾವತ್ತಿಂದ?"

"ಯುಗಾದಿಯಿಂದ."

ಆವತ್ತು ನಾನು ಬೈದಿದ್ದು ಬೀದಿ ಕೊನೆಯ ತನಕ ಕೇಳಿಸಿತಂತೆ. ಆ ಮಾತ್ರೆ ಮಾಡೋದೇ ಸಕ್ಕರೆಯಿಂದ, ಅಣ್ಣನ ಕಾಲು ನೋಡಿ ಬಂದ ಮೇಲೂ ಬುದ್ಧಿ ಬರಲಿಲ್ಲವಲ್ಲ ಅಂತ ಬೈದೆ. ಬೈತಾ ಬೈತಾ ಅತ್ತುಬಿಟ್ಟೆ. ಇವರು ತಲೆ ತಗ್ಗಿಸಿಕೊಂಡು ಎಲ್ಲ ಕೇಳಿಸಿಕೊಂಡ್ರು. ಆವತ್ತು ಸಂಜೆಯ ಕಾಫಿಗೆ ಏನೂ ಹಾಕಿಕೊಳ್ಳಲಿಲ್ಲ. ಕಹಿಯಾಗೇ ಕುಡಿದ್ರು. ಇವತ್ತಿನ ತನಕ ಹಾಗೇ ಕುಡೀತಿದ್ದಾರೆ, ಶುಗರೂ ಇಳೀತಿದೆ.

ಆದರೆ ಆವತ್ತು ಕಾಫಿ ಲೋಟ ಕೆಳಗಿಟ್ಟು ಮೆಲ್ಲಗೆ ಒಂದು ಪ್ರಶ್ನೆ ಕೇಳಿದ್ರು. "ಅಲ್ಲ ಕಣೇ, ನಿನ್ನ ಮಂಡಿ ನೋವು ಹೇಗಿದೆ?"

ನಾನು ಲೋಟ ಎತ್ತಿಕೊಂಡು ತೊಳೆಯೋಕೆ ಹೋದೆ. ಯುಗಾದಿಯಿಂದೀಚೆಗೆ ಮೆಟ್ಟಿಲು ಹತ್ತಿ ಟೆರೇಸಿಗೆ ಹೋಗಿ ಬಟ್ಟೆ ಒಣಗಿಸ್ತಿದ್ದೀನಿ. ಆ ಹೋಮಿಯೋಪತಿ ಡಾಕ್ಟರ ಕೈಗುಣ ಹೊಗಳಿ ಬೀದಿಯ ಮೂರು ಹೆಂಗಸರನ್ನ ಅವರ ಹತ್ತಿರ ಕಳಿಸಿದ್ದೀನಿ. ನೋವು ಪೂರ್ತಿ ಹೋಗಿದೆ. ನನ್ನ ಸಿಟ್ಟೆಲ್ಲ ಅದಕ್ಕೇ.