ಒಂದು ಲೋಟ ಸೋಡಾ

ಇಡೀ ನಂಜನಗೂಡಿನಲ್ಲಿ ಯಾರೂ ಮಾಡದಂಥ ಹಂದಿ ಬಾಡು ಮಾಡುತ್ತೇನೆಂದು ನಾನು ಶಪಥ ಮಾಡಿದ್ದು ನಿಜ. ಕಾರಣ, ನನ್ನ ಅತ್ತೆ ಮಂಚಮ್ಮನವರು. ಟಿ. ನರಸೀಪುರದಿಂದ ಬಂದು, ನಮ್ಮ ಮನೆಯಲ್ಲಿದ್ದುಕೊಂಡು ಹೊಸ ಹಲ್ಲು ಕಟ್ಟಿಸಿಕೊಂಡಿದ್ದರು. ಗಟ್ಟಿಯಾದದ್ದೇನಾದರೂ ಕಚ್ಚಿದರೆ ಸೆಟ್ಟೇ ಕಳಚಿ ಕೈಗೆ ಬರುತ್ತಿತ್ತು. "ಹಂದಿ ಬಾಡು ತಿಂದು ಆರು ತಿಂಗ್ಳಾಯ್ತು ಕಣಪ್ಪ" ಎಂದು ಅವರು ಮುಖ ಸಣ್ಣದು ಮಾಡಿಕೊಂಡಾಗ ನನ್ನ ಕರುಳು ಚುರುಕ್ಕೆಂದಿತು.

"ಭಾನುವಾರ ನೋಡಿ ಅತ್ತೆ, ಹಲ್ಲೇ ಬೇಡ, ತುಟೀಲೇ ತಿನ್ಬೋದು" ಎಂದೆ.

"ಕುಕ್ಕರ್‌ನಲ್ಲಿ ಎಂಟು ವಿಷಲ್ ಕೂಗಿಸಿದ್ರೆ ಮುಗೀತು ಕಣ್ರೀ" ಎಂದಳು ಹೆಂಡತಿ ರಂಜಿನಿ.

ಕುಕ್ಕರಂತೆ! ನನ್ನ ಸಹೋದ್ಯೋಗಿ ರವಿಚಂದ್ರ ಮೈಸೂರಿನ ದೊಡ್ಡ ಹೋಟೆಲೊಂದರಲ್ಲಿ ಬಾರ್ಬೆಕ್ಯೂ ತಿಂದು, ಅಡುಗೆಯವನನ್ನೇ ಕೇಳಿ ಬರೆದುಕೊಂಡ ಸಾಸಿನ ಚೀಟಿ ನನ್ನ ಜೇಬಿನಲ್ಲಿತ್ತು. ಟೊಮೆಟೊ, ಬೆಲ್ಲ, ಖಾರದ ಪುಡಿ, ವಿನೆಗರ್, ಒಂದು ಲೋಟ ಸೋಡಾ. ಸೋಡಾ ಬಿದ್ದರೆ ಮಾಂಸ ಬೆಣ್ಣೆಯಾಗುತ್ತದೆ ಎಂದು ಅಡಿಗೆರೆ ಬೇರೆ ಎಳೆದಿದ್ದ.

ಭಾನುವಾರ ರಂಜಿನಿಯನ್ನು ಅಡುಗೆಮನೆಯಿಂದ ಗಡೀಪಾರು ಮಾಡಿದೆ. ಎಲ್ಲ ಇತ್ತು, ಸೋಡಾ ಮಾತ್ರ ಕಾಣಲಿಲ್ಲ. ಹುಡುಕಿದರೆ ನಡುಮನೆಯ ಕಪಾಟಿನಲ್ಲಿ ಅಡುಗೆ ಸೋಡಾದ ದೊಡ್ಡ ಪೊಟ್ಟಣವೇ ಸಿಕ್ಕಿತು. ಬೋಂಡಾ ಕರಿದು ವರ್ಷವಾದ ಮನೆಯಲ್ಲಿ ಇಷ್ಟೊಂದು ಸೋಡಾ ಯಾಕೆ ಎಂದು ಯೋಚಿಸಲಿಲ್ಲ. ಪೊಟ್ಟಣವನ್ನೆಲ್ಲ ಲೋಟಕ್ಕೆ ಬಗ್ಗಿಸಿ, ಲೋಟವನ್ನು ಮಾಂಸ, ಸಾಸು ಕುದಿಯುತ್ತಿದ್ದ ಬಾಣಲೆಗೆ ಸುರಿದೆ.

ಬಾಣಲೆ ಬುಸ್ಸೆಂದಿತು! ನೊರೆ ಎದ್ದಿತು, ಏರಿತು, ಮಳೆಗಾಲದ ಕಪಿಲೆಯಂತೆ ದಡ ಮೀರಿತು. ಒಲೆ ಆರಿತು. ಕೆಂಪು ನೊರೆ ಕಟ್ಟೆಯಿಂದಿಳಿದು ನನ್ನ ಪಾದಪೂಜೆ ಮಾಡಿತು. ಗಾಬರಿಯಲ್ಲಿ ಗ್ಯಾಸ್ ಬಂದ್ ಮಾಡಿ ರವಿಚಂದ್ರನಿಗೆ ಫೋನ್ ಮಾಡಿದೆ.

"ಯಾವ ಸೋಡಾ ಹಾಕ್ದೆ?" ಎಂದ.

"ಇನ್ಯಾವ್ದು, ಅಡುಗೆ ಸೋಡಾ."

"ಲೇ, ಕುಡಿಯೋ ಸೋಡಾ ಕಣ್ಲಾ. ಬಾಟ್ಲೀಲಿ ಬತ್ತದಲ್ಲ, ಕರೀ ಕೋಲಾ."

ಬಾಗಿಲಲ್ಲಿ ನಿಂತಿದ್ದ ರಂಜಿನಿ ನನ್ನ ದಪ್ಪ ಕನ್ನಡಕವನ್ನೇ ನೋಡುತ್ತ, "ಈ ಮನೆಗೆ ಒಂದು ಸೋಡಾಬುಡ್ಡಿ ಸಾಲ್ದಾಗಿತ್ತಾ?" ಎಂದಳು.

ಆದರೂ ಮಾನ ಬಿಟ್ಟು ಮತ್ತೆ ಒಲೆ ಹಚ್ಚಿ, ಬೇಯಿಸಿ ಬಡಿಸಿದೆ. ಅತ್ತೆ ಒಂದು ತುಂಡು ಬಾಯಿಗಿಟ್ಟರು. ಸೆಟ್ಟು ಅಲುಗಲಿಲ್ಲ! "ಮೆತ್ತಗದೆ ಕಣಪ್ಪ" ಎಂದರು. ನನ್ನ ಎದೆ ಉಬ್ಬಿತು. ಆಮೇಲೆ ಮುಖ ಹಿಂಡಿಕೊಂಡು ಒಂದು ಚೊಂಬು ನೀರು ಕುಡಿದರು. ನಾನೂ ರುಚಿ ನೋಡಿದೆ. ಬಟ್ಟೆ ಸೋಪಿಗೆ ಖಾರ ಸವರಿದಂತಿತ್ತು.

ರಂಜಿನಿ ಕುಕ್ಕರ್ ತಂದಿಟ್ಟಳು. ನನ್ನನ್ನು ನಂಬದೆ ಅರ್ಧ ಕೆಜಿ ಮಾಂಸ ಎತ್ತಿಟ್ಟುಕೊಂಡು, ಪಕ್ಕದ ಮನೆಯ ಸುನೀತಾಳ ಒಲೆಯಲ್ಲಿ ಎಂಟು ವಿಷಲ್ ಕೂಗಿಸಿ ಬಂದಿದ್ದಳು. ಅತ್ತೆ ಮುದ್ದೆಯ ಜೊತೆ ಎರಡೆರಡು ಸಲ ಹಾಕಿಸಿಕೊಂಡು ಉಂಡರು. ನನಗೆ ಹೊಟ್ಟೆ ಉರಿದರೂ ಸಮಾಧಾನವಾಯಿತು.

ಊಟವಾದ ಮೇಲೆ ಅತ್ತೆ ಸೆಟ್ಟು ತೆಗೆದು ತೊಳೆದು, ಕಪಾಟಿನಲ್ಲಿ ತಡಕಾಡಿದರು.

"ರಂಜಿ, ಹಲ್ಲು ನೆನೆಹಾಕಕ್ಕೆ ಡಾಕ್ಟ್ರು ಯೋಳಿದ್ ಸೋಡಾ ಎಲ್ಲೋಯ್ತವ್ವಾ?"

ರಂಜಿನಿ ನನ್ನ ಕಡೆ ನೋಡಿದಳು. ನಾನು ಬಾಣಲೆಯ ಕಡೆ ನೋಡಿದೆ.

ಅತ್ತೆಗೆ ಅರ್ಥವಾಯಿತು. ಉಳಿದ ಸಾಸನ್ನು ಬಟ್ಟಲಿಗೆ ಬಗ್ಗಿಸಿಕೊಂಡು, ಸೆಟ್ಟನ್ನು ಅದರೊಳಗೆ ಇಳಿಸಿ, ಬೊಚ್ಚು ಬಾಯಲ್ಲಿ ನಕ್ಕರು.

"ಇರ್ಲಿ ಬುಡಪ್ಪ. ನಾನು ತಿನ್ನದಿದ್ರೂ ನನ್ ಹಲ್ಲಾದ್ರೂ ತಿನ್ಲಿ."