ಲೆನ್ಸಿನ ಕೆಟ್ಟ ಗುಣ ಹೇಳುವ ಕೆಲಸ

ಕಣ್ಣಿನ ಆಸ್ಪತ್ರೆಗೆ ಜನ ಅಳುಮೋರೆ ಹಾಕಿಕೊಂಡೇ ಬರುತ್ತಾರೆ. ಆದರೆ ನಮ್ಮನ್ನು ಒಂದು ಸಲವೂ ನಗಿಸದೆ ಹೋದವರು ಕಡಿಮೆ. ಗೋಕಾಕದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಬಹಳ ವರ್ಷ ಸಿಸ್ಟರ್ ಆಗಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಪೊರೆ ಆಪರೇಷನ್ನಿಗೆ ಹೊಸದೊಂದು ದುಬಾರಿ ಲೆನ್ಸು ಬಂತು. ಸಾದಾ ಲೆನ್ಸು ಹಾಕಿದರೆ ದೂರದ್ದು ಕಾಣುತ್ತದೆ, ಓದುವುದಕ್ಕೆ ಚಷ್ಮಾ ಬೇಕು. ಈ ಹೊಸದರಲ್ಲಿ ದೂರದ್ದೂ ಹತ್ತಿರದ್ದೂ ಚಷ್ಮಾ ಇಲ್ಲದೆ ಕಾಣುತ್ತದೆ. ಯಾವ ಲೆನ್ಸು ಹೇಗೆ ಎಂದು ರೋಗಿಗಳಿಗೆ ತಿಳಿಹೇಳುವ ಕೆಲಸ ನನ್ನ ಪಾಲಿಗೆ ಬಂತು. ಇಡೀ ಆಸ್ಪತ್ರೆಯಲ್ಲಿ ಹೆಚ್ಚು ಮಾತಾಡುವವಳು ನಾನೇ ಆಗಿದ್ದೆ.

ದೀಪಕ್ಕೆ ಬಳೆ

ಮೊದಮೊದಲು ಆ ಲೆನ್ಸನ್ನು ಹೊಗಳಿದ್ದೇ ಹೊಗಳಿದ್ದು. ಕೌಜಲಗಿಯ ನಿವೃತ್ತ ಮಾಸ್ತರರೊಬ್ಬರಿಗೆ ಅದನ್ನು ಹಾಕುವಾಗ, ಕತ್ತಲಾದ ಮೇಲೆ ದೀಪಗಳ ಸುತ್ತ ಬೆಳಕಿನ ಉಂಗುರ ಕಾಣಬಹುದು ಎಂಬುದನ್ನು ಹೇಳಲು ಮರೆತೆ. ಖರೆ ಹೇಳುತ್ತೇನೆ, ಮರೆತದ್ದಲ್ಲ. ಅಂಜಿಯಾರು ಎಂದು ಮಾತು ನುಂಗಿದೆ.

ಹದಿನೈದು ದಿನಕ್ಕೆ ಮಾಸ್ತರರು ತಿರುಗಿ ಬಂದರು. ಅವರ ಮನೆಯ ಮುಂದಿನ ಬೀದಿದೀಪಕ್ಕೆ ಯಾರೋ ಬಳೆ ತೊಡಿಸಿದ ಹಾಗೆ ಕಾಣುತ್ತಿತ್ತಂತೆ. ಬಲ್ಬು ಕೆಟ್ಟಿದೆ ಎಂದು ಪಂಚಾಯಿತಿಗೆ ಅರ್ಜಿ ಬರೆದರು. ಪಂಚಾಯಿತಿಯಲ್ಲಿ ಕೂತವರೆಲ್ಲ ಚಿಕ್ಕಂದಿನಲ್ಲಿ ಇವರ ಕೈಯ ಪೆಟ್ಟು ತಿಂದವರೇ, ಮರುದಿನವೇ ಬಲ್ಬು ಬದಲಾಯಿತು. ಬಳೆ ಹೋಗಲಿಲ್ಲ. ಇನ್ನೊಂದು ಅರ್ಜಿ, ಇನ್ನೊಂದು ಬಲ್ಬು. ಮೂರನೆಯ ಸಲ ಲೈನ್‌ಮನ್ ಕಂಬದ ಮೇಲಿಂದಲೇ ಕೇಳಿದನಂತೆ, “ಗುರುಗಳ, ಮೂರ ಬಲ್ಬ್ ಆದುವು. ನೀವು ಕಣ್ಣ ಯಾವಾಗ ಮಾಡಿಸಿದ್ರಿ?”

ಇಷ್ಟು ಹೇಳಿ ಮಾಸ್ತರರು ನನ್ನ ಮುಖ ನೋಡಿದರು. “ಕಂಬ ಹತ್ತಾವಗ ಗೊತ್ತಾತು. ನಿಮಗ ಗೊತ್ತಿರಲಿಲ್ಲೇನವಾ?”

ನಾಚಿಕೆಯಿಂದ ನನ್ನ ತಲೆ ಮೇಲೇಳಲಿಲ್ಲ. ನಾಲ್ಕಾರು ತಿಂಗಳಲ್ಲಿ ಅವರಿಗೆ ಆ ಉಂಗುರ ರೂಢಿಯಾಯಿತು, ಅದು ನನ್ನ ಪುಣ್ಯ. ಡಾಕ್ಟರು ಮಾತ್ರ ಅವತ್ತೇ ಕಟ್ಟಪ್ಪಣೆ ಮಾಡಿದರು: ಒಳ್ಳೆಯದನ್ನು ಒಂದು ಸಲ ಹೇಳಬೇಕು, ಕೆಟ್ಟದ್ದನ್ನು ಎರಡು ಸಲ. ರೋಗಿ ಆ ಕೆಟ್ಟದ್ದನ್ನು ತನ್ನ ಬಾಯಿಂದ ತಿರುಗಿ ಹೇಳಬೇಕು, ಅದನ್ನು ಬರೆದುಕೊಂಡ ಮೇಲೆಯೇ ಸಹಿ.

ಇತ್ತ ಕೌಜಲಗಿಯಿಂದ ಒಂದು ವರ್ಷ ಯಾವ ರೋಗಿ ಬಂದರೂ ಮೊದಲ ಪ್ರಶ್ನೆ ಒಂದೇ. “ಲೈನ್‌ಮನ್ನನ್ನ ಕೇಳಿ ಬರಬೇಕೇನ್ರಿ?”

ಎತ್ತಿನ ದಲಾಲ

ಮಮದಾಪುರದ ಕಡೆಯ ಒಬ್ಬ ಯಜಮಾನರು ಸಂತೆಯಲ್ಲಿ ಎತ್ತಿನ ದಲಾಲಿ ಮಾಡಿ ಮುದುಕರಾದವರು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣಿನ ಹಿಂದಿನ ಪರದೆ ಕೆಟ್ಟಿತ್ತು. ಅಂಥವರಿಗೆ ಹೊಸ ಲೆನ್ಸು ಒಗ್ಗುವುದಿಲ್ಲ. ನಾನು ಕಟ್ಟಪ್ಪಣೆಯಂತೆ ಅದರ ಕೆಟ್ಟ ಗುಣವನ್ನೆಲ್ಲ ಒಂದೊಂದಾಗಿ ಹೇಳಿದೆ. ದೀಪದ ಸುತ್ತ ಉಂಗುರ ಕಾಣುತ್ತದೆ, ಮಬ್ಬು ಬೆಳಕಿನಲ್ಲಿ ಸ್ಪಷ್ಟ ಕಾಣುವುದಿಲ್ಲ, ಪರದೆ ಕೆಟ್ಟಿದ್ದರೆ ಕೊಟ್ಟ ರೊಕ್ಕ ನೀರಿಗೆ ಹಾಕಿದಂತೆ.

ಅವರು ಕಣ್ಣು ಸಣ್ಣ ಮಾಡಿ ಕೇಳುತ್ತ ಕೂತರು. ಮುಗಿದ ಮೇಲೆ, “ನನಗ ಅದನ್ನ ಹಾಕ್ರಿ” ಎಂದರು.

“ಇಷ್ಟೊತ್ತು ನಾ ಏನ ಹೇಳಿದೆ ಯಜಮಾನ್ರ?”

“ನೀವು ಹೇಳಿದ್ದಕ್ಕ ಹಾಕ್ರಿ ಅನ್ನಾಕತ್ತೇನಿ. ಐವತ್ತ ವರ್ಷ ಸಂತಿ ಮಾಡೇನಿ. ತನ್ನ ಎತ್ತಿಗೆ ತಾನ ಕೆಟ್ಟ ಗುಣ ಹೇಳಿ ಹೆಸರಿಡಾವ ಅದನ್ನ ಮಾರಾಕ ಬಂದಿರೂದಿಲ್ಲ. ಮನ್ಯಾವ್ರಿಗಂತ ಇಟ್ಟಿರತಾನ.”

ಡಾಕ್ಟರೇ ಬಂದು ಕೈಮುಗಿದು ಹೇಳಿದ ಮೇಲೆ ಸಾದಾ ಲೆನ್ಸಿಗೆ ಒಪ್ಪಿದರು. ಪಟ್ಟಿ ಬಿಚ್ಚಿದ ದಿನ ಗೋಡೆಯ ಮೇಲಿನ ಅಕ್ಷರ ಎಷ್ಟೋ ಚೆನ್ನಾಗಿ ಕಂಡವು. ಆದರೂ ಮುಖದ ಮೇಲೆ ಸಂಶಯ. ಮೆಲ್ಲಗೆ ನನ್ನನ್ನು ಬಾಜೂಕ ಕರೆದರು. “ಸಿಸ್ಟರ್, ಈ ಸಾದಾದಕ್ಕ ನೀವು ಒಂದೂ ಹೆಸರಿಡಲಿಲ್ಲ. ಇದಕ್ಕೂ ಸ್ವಲ್ಪ ಬೈರಿ, ನನಗ ಸಮಾಧಾನ ಆಗತೈತಿ.”

ಆಯಿಯ ಬೇಳೆ

ಇನ್ನು ಮೂಡಲಗಿಯ ಆಯಿ. ಜೈನ ವ್ಯಾಪಾರಿ ಮನೆತನದ ಹಿರಿಯ ಅಜ್ಜಿ, ಕೈಹಿಡಿದು ಕರೆತಂದವಳು ಸೊಸೆ. ತಾನು ಕೈಯಾರೆ ಹುಳ ನೋಡಿ ಆರಿಸದ ಕಾಳು ಬಾಯಿಗೆ ಹಾಕುವುದಿಲ್ಲ ಎಂಬುದು ಆಯಿಯ ನೇಮ. ಕಣ್ಣಿಗೆ ಪೊರೆ ಬಂದು ಆರಿಸಲು ಆಗದಾಯಿತು. ಆಗಿನಿಂದ ಬೇಳೆ ಬಿಟ್ಟರು, ಕಾಳು ಬಿಟ್ಟರು. ಒಂದು ವರ್ಷದಿಂದ ಜರಡಿ ಹಿಡಿದ ಹಿಟ್ಟಿನ ರೊಟ್ಟಿ ಮತ್ತು ಮಜ್ಜಿಗೆಯ ಮೇಲೆ ಇದ್ದರು.

“ನಾವು ಆರಿಸಿ ಕೊಟ್ರ ಒಲ್ಲೆ ಅಂತಾರ್ರಿ” ಎಂದು ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಯಿಯ ಮುಂಗೈ ಹಿಡಿದು ನೋಡಿದೆ, ಬರೀ ಎಲುಬು. 

ಸಾದಾ ಲೆನ್ಸು ಹಾಕಿ ಚಷ್ಮಾ ಕೊಡೋಣವೆಂದರೆ, ಮೊರದ ಮೇಲೆ ಬಗ್ಗಿದರೆ ಚಷ್ಮಾ ಜಾರಿ ಬೇಳೆಯೊಳಗೆ ಬೀಳುತ್ತದೆ ಎಂದರು ಆಯಿ. ಹೊಸದನ್ನು ತೋರಿಸಿದೆ. ಮೊದಲು ಕೇಳಿದ್ದೇ, “ಇದು ಯಾವ ಜೀವದ ಕಣ್ಣ ಯವ್ವಾ?”

“ಯಾವ ಜೀವದ್ದೂ ಅಲ್ಲರಿ ಆಯಿ. ಒಂದ ನಮೂನಿ ಪ್ಲಾಸ್ಟಿಕ್.”

“ಹಂಗಾದ್ರ ಪಾಪ ಇಲ್ಲ.”

ಕತ್ತಲಲ್ಲಿ ಉಂಗುರ ಕಾಣುತ್ತದೆ, ಹೊತ್ತು ಇಳಿದಂತೆ ಸ್ಪಷ್ಟ ಕಾಣುವುದು ಕಡಿಮೆಯಾಗುತ್ತದೆ ಎಂದು ಎರಡೆರಡು ಸಲ ಹೇಳಿದೆ. ಆಯಿ ಬೊಚ್ಚುಬಾಯಿ ತುಂಬ ನಕ್ಕರು. “ಹೊತ್ತ ಮುಳುಗಿದ ಮ್ಯಾಲ ನಮ್ಮ ಮನ್ಯಾಗ ಊಟಾನ ಇಲ್ಲ. ನಾ ಏನ ನೋಡಬೇಕಾಗೈತಿ? ಹಾಕ್ರಿ.”

ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ಆಯಿ ತಮ್ಮ ಅಂಗೈ ಗೆರೆಗಳನ್ನೇ ಬಹಳ ಹೊತ್ತು ನೋಡುತ್ತ ಕೂತರು. ನಮಗೆಲ್ಲ ಸಂತೋಷ.

ತಿಂಗಳಿಗೆ ಇಬ್ಬರೂ ಇನ್ನೊಂದು ಕಣ್ಣಿಗೆಂದು ಬಂದರು. ಆಯಿಯ ಗಲ್ಲ ತುಂಬಿತ್ತು. ಆದರೆ ಸೊಸೆಯ ಗಲ್ಲ ಒಳಸೇರಿತ್ತು.

“ಏನಾತವಾ ನಿನಗ?” ಎಂದೆ.

“ಅತ್ತಿಯಾರಿಗೆ ಈಗ ಎಲ್ಲಾ ಕಾಣತೈತ್ರಿ. ನಾವು ಒಂದ ತಾಸಿನ್ಯಾಗ ಆರಿಸೂ ಬ್ಯಾಳಿಗೆ ಅವರಿಗೆ ನಾಕ ತಾಸ ಬೇಕು. ಅವರದು ಮಧ್ಯಾಹ್ನದ ಒಂದ ಊಟ, ಅದಾದ ಮ್ಯಾಲ ಇಡೀ ಮನಿ ಸಂಜಿ ಬ್ಯಾಳೀನೂ ತಾವ ಆರಿಸಬೇಕಂತ ಹಟಾ. ಹುಳ ಸಿಕ್ರ ಅದನ್ನ ಎಲಿ ಮ್ಯಾಲ ಇಟ್ಟ, ಹಿತ್ತಲಕ ಹೋಗಿ, ನೆರಳ ನೋಡಿ ಬಿಟ್ಟ ಬರತಾರ. ಹೊತ್ತ ಇಳದಂಗ ಕಣ್ಣ ಮಬ್ಬ ಆಗತೈತಿ, ಕೈ ಇನ್ನೂ ನಿಧಾನ ಆಗತೈತಿ. ಅಷ್ಟರಾಗ ಸೂರ್ಯಾ ಮುಳುಗಿರತಾನ.”

“ಮುಂಜಾನೆ ಆರಿಸ್ರಿ ಆಯಿ” ಎಂದರು ಡಾಕ್ಟರು.

“ಮುಂಜಾನಿ ಬಸದಿಗೆ ಹೋಗಬೇಕ್ರಿ” ಎಂದರು ಆಯಿ.

ಹಾಗಾದರೆ ಈ ಕಣ್ಣಿಗೆ ಸಾದಾ ಲೆನ್ಸು ಹಾಕೋಣವೇ ಎಂದು ನಾನು ಸೊಸೆಯನ್ನು ಕೇಳಿದೆ. ಅವಳು ಹೌಹಾರಿಬಿಟ್ಟಳು.

“ಬ್ಯಾಡ್ರಿ ಬ್ಯಾಡ್ರಿ, ಆ ಹೊಸಾದನ್ನ ಹಾಕ್ರಿ. ವರ್ಷದ ಮ್ಯಾಲ ಬ್ಯಾಳಿ ಉಣ್ಣಾಕತ್ತಾರ. ನಮ್ಮದೇನ, ಮುಂಜಾನಿ ಎರಡ ರೊಟ್ಟಿ ಹೆಚ್ಚ ತಿಂತೇವಿ.”

ನನಗೆ ಆ ಹುಡುಗಿಯನ್ನು ಅಪ್ಪಿಕೊಳ್ಳಬೇಕೆನಿಸಿತು. ಆದರೆ ಕಾಗದದ ಕೆಲಸ ಬಿಡುವಂತಿಲ್ಲ. “ಆಯಿ, ಈ ಲೆನ್ಸಿನ ತೊಂದರಿ ಏನು, ನಿಮ್ಮ ಬಾಯಿಲೆ ಹೇಳ್ರಿ. ಬರಕೊಬೇಕು.”

“ನನಗೇನೂ ತೊಂದರಿ ಇಲ್ಲ ಯವ್ವಾ.”

“ನಾ ಹೇಳತೇನಿ, ಬರಕೊಳ್ರಿ” ಎಂದಳು ಸೊಸೆ. “ಹೊತ್ತ ಮುಳುಗೂತನಕಾ ಅವರು ಬ್ಯಾಳಿ ಬಿಡೂದಿಲ್ಲ. ಹೊತ್ತ ಮುಳುಗಿದ ಮ್ಯಾಲ ನಾವು ಉಣ್ಣಾಂಗಿಲ್ಲ.”

ಡಾಕ್ಟರು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ, “ಬರಕೋ” ಎಂದು ಕೈಸನ್ನೆ ಮಾಡಿದರು. ಬರೆದೆ. ಆಯಿ ಆ ಕಾಗದ ಇಸಿದುಕೊಂಡು, ಚಷ್ಮಾ ಇಲ್ಲದೆ, ಬೇಳೆ ಆರಿಸುವಷ್ಟೇ ನಿಧಾನವಾಗಿ ಮೊದಲಿಂದ ಕೊನೆಯ ತನಕ ಓದಿದರು. ಹೊರಗೆ ಹದಿನಾರು ಜನ ರೋಗಿಗಳು ಕಾಯುತ್ತಿದ್ದರು.

“ಖರೆ ಐತಿ” ಎಂದು ಸಹಿ ಹಾಕಿದರು.